ನೆಟ್ಟಿಗರು ಅಂದ್ರೆ ನಾನೊಬ್ಬನೇ

ಬಾಬುರಾಯನಕೊಪ್ಪಲಿನಲ್ಲಿ ಹಳೇ ಬೆಂಗಳೂರು-ಮೈಸೂರು ರಸ್ತೆಗೆ ಮುಖ ಮಾಡಿಕೊಂಡಿರುವ ಟೀ ಅಂಗಡಿಯ ಬೆಂಚಿಗೆ ದಿನಾ ಬೆಳಿಗ್ಗೆ ಏಳಕ್ಕೆ ಒಬ್ಬ ಬಂದು ಕೂರುತ್ತಾನೆ. ಮನೆಯವರು ಇಟ್ಟ ಹೆಸರು ಬೇರೆ ಇದೆ. ಊರವರು ಕರೆಯುವುದು ಭುಗಿಲಣ್ಣ ಅಂತ. ಅವನು ಕಳಿಸುವ ಸುದ್ದಿಯಲ್ಲಿ ಆಕ್ರೋಶ ಇವತ್ತಿನವರೆಗೆ ಸುಮ್ಮನೆ ವ್ಯಕ್ತವಾದದ್ದೇ ಇಲ್ಲ, ಯಾವಾಗಲೂ ಭುಗಿಲೆದ್ದಿರುತ್ತದೆ. ಇಂಥವನು ನಮ್ಮಲ್ಲೊಬ್ಬನೇ ಅಂತ ನಾನೇನೂ ಬೀಗುವುದಿಲ್ಲ. ಪಾಂಡವಪುರದಲ್ಲೊಬ್ಬ, ಕೆ.ಆರ್. ಪೇಟೆಯಲ್ಲೊಬ್ಬ, ನಾಗಮಂಗಲದಲ್ಲಿ ಇಬ್ಬರು ಇದ್ದಾರಂತೆ. ಆ ಇಬ್ಬರಿಗೂ ಮಾತಿಲ್ಲವಂತೆ.

ಅಂಗಿ ಜೇಬಿನಲ್ಲಿ ಎರಡು ಫೋನು. ಬೈಕಿನ ಬ್ಯಾಗಿನೊಳಗೆ ಚಾನೆಲ್ಲಿನ ಲೋಗೊ ಇರುವ ಮೈಕು, ಟವೆಲ್ಲಿನಲ್ಲಿ ಬಾಣಂತಿ ಮಗುವಿನಂತೆ ಸುತ್ತಿದ್ದು. ಮೊದಲು ಈ ಮನುಷ್ಯ ಹೀಗಿರಲಿಲ್ಲ. ಆ್ಯಕ್ಸಿಡೆಂಟ್ ಆದರೆ ಓಡುತ್ತಿದ್ದ, ತಾಲ್ಲೂಕು ಕಚೇರಿ ಮುಂದೆ ರೈತಸಂಘದವರು ಧರಣಿ ಕೂತರೆ ಅವರ ಜೊತೆ ಬಿಸಿಲಲ್ಲಿ ಇವನೂ ಕೂರುತ್ತಿದ್ದ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಬಾಯಿಪಾಠವಾಗಿತ್ತು, 124.80 ಅಡಿ ತುಂಬಿದ ದಿನ ನಮಗೆಲ್ಲ ಅವನೇ ಮೊದಲು ಹೇಳುತ್ತಿದ್ದ. ಈಗ ಬೆಂಚು ಬಿಟ್ಟು ಏಳುವುದಿಲ್ಲ. ಏಳಬೇಕಾದ ಕಾರಣವೂ ಇಲ್ಲ. ಸುದ್ದಿಗೆ ಇಷ್ಟು ಅಂತ ಕಾಸು, ಪೆಟ್ರೋಲು ಸ್ವಂತದ್ದು. ಕೂತಲ್ಲೇ ಮೂರು ಆಕ್ರೋಶ ಸಿಗುವಾಗ ಮೂರು ಹಳ್ಳಿ ಯಾಕೆ ಸುತ್ತಬೇಕು?

ಸಿಗುವುದು ಹೇಗೆ ಅಂತ ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಫೇಸ್‌ಬುಕ್ ತೆಗೆದು ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ಹೋಗುತ್ತಾನೆ, ನಮ್ಮ ಹೆಂಗಸರು ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ. ವ್ಯತ್ಯಾಸ ಇಷ್ಟೇ: ಅವರು ಕಲ್ಲು ಎಸೆದು ಅಕ್ಕಿ ಇಟ್ಟುಕೊಳ್ಳುತ್ತಾರೆ, ಇವನು ಕಲ್ಲನ್ನೇ ಇಟ್ಟುಕೊಳ್ಳುತ್ತಾನೆ. ಹುಟ್ಟುಹಬ್ಬದ ಶುಭಾಶಯ, ನಾಟಿ ಕೋಳಿ ಸಾರು, ಯಾರದೋ ತಿಥಿ, ಎಲ್ಲ ದಾಟಿ ಒಂದು ಕಡೆ ಬೆರಳು ನಿಲ್ಲುತ್ತದೆ. ಯಾರೋ ಪುಣ್ಯಾತ್ಮ ಯಾರಿಗೋ ಬೈದಿರುತ್ತಾನೆ. ಸ್ಕ್ರೀನ್‌ಶಾಟ್. ಬೈಗುಳದ ಸುತ್ತ ಕೆಂಪು ದುಂಡು. ಬೈದವನ ಹೆಸರಿನ ಮೇಲೆ ಮಸುಕು. ಆಮೇಲೆ ಚಾನೆಲ್ಲಿನ ಗ್ರೂಪಿಗೆ ಹಾಕುತ್ತಾನೆ: 'ಶಾಸಕರ ನಡೆಗೆ ನೆಟ್ಟಿಗರು ಗರಂ.' ಟೀ ಆರುವುದರೊಳಗೆ ಕೆಲಸ ಮುಗಿದಿರುತ್ತದೆ.

ನಾನು ಒಂದು ಸಲ ಕೇಳಿದೆ, "ಅಲ್ಲ ಕಣಪ್ಪ, ಬೈದಿರೋನು ಒಬ್ನೇ. ನೆಟ್ಟಿಗರು ಅಂತ ಹಾಕ್ತೀಯಲ್ಲ?"

"ಅಣ್ಣ, ನೀವು ಮೇಷ್ಟ್ರಾಗಿದ್ದೋರು, ನಿಮಗೆ ನಾನು ವ್ಯಾಕರಣ ಹೇಳ್ಬೇಕಾ? ಗೌರವಕ್ಕೆ ಬಹುವಚನ ಹಾಕ್ದೆ ಕಣಣ್ಣ," ಅಂದ.

ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು, ಬಾಯಿ ಮುಚ್ಚಿದೆ. ನಿಜವಲ್ಲವೇ? ತಾತ ಬಂದರು, ಡಾಕ್ಟರು ಹೋದರು, ಸ್ವಾಮೀಜಿಯವರು ಆಶೀರ್ವದಿಸಿದರು. ಒಬ್ಬೊಬ್ಬರೇ, ಆದರೂ ಬಹುವಚನ. ಆ ಸಾಲಿನಲ್ಲಿ ಈಗ ರಾತ್ರಿ ಹನ್ನೊಂದೂವರೆಗೆ ನಿದ್ದೆ ಬಾರದೆ ಬೈದವನೂ ಸೇರಿಕೊಂಡಿದ್ದಾನೆ. ಇನ್ನು 'ಎನ್ನಲಾಗಿದೆ', 'ಒತ್ತಾಯ ಕೇಳಿಬಂದಿದೆ', 'ಚರ್ಚೆಗೆ ಗ್ರಾಸವಾಗಿದೆ' ಇವೆಯಲ್ಲ, ಇವುಗಳಿಗೆ ಕರ್ತೃವೇ ಬೇಡ. ಕೇಳಿಬಂತು, ಸರಿ. ಯಾರು ಹೇಳಿದ್ದು, ಯಾರ ಕಿವಿಗೆ ಬಂತು? ಕರ್ಮಣಿ ಪ್ರಯೋಗವನ್ನು ಮಕ್ಕಳಿಗೆ ಅಷ್ಟು ಕಷ್ಟಪಟ್ಟು ಕಲಿಸಿದ್ದು ಇದಕ್ಕಾ ಅಂತ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತದೆ. ಆಲೆಮನೆಯಲ್ಲಿ ಗಾಡಿಗಟ್ಟಲೆ ಕಬ್ಬು ಅರೆದರೆ ಒಂದು ಕೊಪ್ಪರಿಗೆ ಪಾಕ. ಇವನದು ಒಂದೇ ಜಲ್ಲೆಗೆ ಹತ್ತು ಕೊಪ್ಪರಿಗೆ.

ಇದು ಭುಗಿಲಣ್ಣನೊಬ್ಬನ ಕಸುಬು ಅಂದುಕೊಂಡರೆ ಅವನಿಗೆ ಇಲ್ಲದ ದೊಡ್ಡಸ್ತಿಕೆ ಕೊಟ್ಟ ಹಾಗಾಗುತ್ತದೆ. ದೊಡ್ಡದೊಡ್ಡವರೂ ಇದನ್ನೇ ಮಾಡಿದ್ದಾರೆ. 2016ರ ನವೆಂಬರಿನಲ್ಲಿ ಹೊಸ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ನೂರಿಪ್ಪತ್ತು ಮೀಟರು ಆಳದಲ್ಲಿ ಹೂತರೂ ಉಪಗ್ರಹಕ್ಕೆ ಕಾಣುತ್ತದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಟಿ.ವಿ.ಯಲ್ಲಿ ಗ್ರಾಫಿಕ್ಸ್ ಸಮೇತ ತೋರಿಸಿದರು. ಆ ನೋಟು ಅಚ್ಚಾಗುತ್ತಿದ್ದದ್ದು ನಮ್ಮ ಪಕ್ಕದ ಮೈಸೂರಿನಲ್ಲೇ. ಬಸ್ಸು ಹತ್ತಿ ಹೋಗಿ ಕೇಳುವಷ್ಟು ದೂರ. ಯಾರೂ ಹತ್ತಲಿಲ್ಲ.

ಆಮೇಲೆ 2019 ಬಂತು. ಆ ಸಲದ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದವರು ಬದುಕಿದ್ದೇ ಫೋನಿನೊಳಗೆ. ಮೂರು ವರ್ಷ ಹಳೆಯ 'ಜಾಗ್ವಾರ್' ಸಿನಿಮಾ ಸಮಾರಂಭದ ತುಣುಕೊಂದು ಎದ್ದು ಬಂತು. ವೇದಿಕೆ ಮೇಲಿಂದ ಕುಮಾರಸ್ವಾಮಿಯವರು, ಈ ಸಲ ಚುನಾವಣೆಗೆ ನಿಂತಿದ್ದ ಮಗನನ್ನು ಕೂಗುತ್ತಾರೆ: ನಿಖಿಲ್ ಎಲ್ಲಿದ್ದೀಯಪ್ಪಾ? ಅಪ್ಪ ಮಗನನ್ನು ಕರೆದದ್ದು, ಅಷ್ಟೇ. ಅದಕ್ಕೆ ಎಷ್ಟು ಗಂಟೆ ಚರ್ಚೆ! ಮದುವೆಮನೆಯಲ್ಲಿ ಅದೇ, ಬಸ್‌ಸ್ಟ್ಯಾಂಡಿನಲ್ಲಿ ಅದೇ, ಆ ಹೆಸರಲ್ಲಿ ಸಿನಿಮಾ ಮಾಡುತ್ತೇವೆ ಅಂತ ಫಿಲಂ ಚೇಂಬರಿಗೆ ಹೋದವರೂ ಇದ್ದರು. ಇನ್ನೊಂದು ಕಡೆ ಎದುರಾಳಿಯ ಪ್ರಚಾರಕ್ಕೆ ಬಂದ ಇಬ್ಬರು ನಟರ 'ಜೋಡೆತ್ತು'. ಕೊನೆಗೆ ಪಕ್ಷೇತರ ಸುಮಲತಾ ಅಂಬರೀಶ್ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನಮ್ಮ ಕಬ್ಬಿನ ಬಾಕಿ ಹಣದ ಮಾತು ಆ ಎರಡು ತಿಂಗಳು ಎಲ್ಲಿತ್ತಪ್ಪಾ ಅಂತ ಯಾರೂ ಕೂಗಲಿಲ್ಲ.

2024ರದನ್ನು ನೆನೆದರೆ ನಗು ಬರುವುದಿಲ್ಲ. ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆ ವೇಳೆ ಗಲಭೆಯಾಗಿ ಅಂಗಡಿ, ಗಾಡಿಗಳು ಸುಟ್ಟವು. 13ರಂದು ಅದನ್ನು ಖಂಡಿಸಿ ಬೆಂಗಳೂರಿನ ಟೌನ್‌ಹಾಲ್ ಹತ್ತಿರ ಪ್ರತಿಭಟಿಸಿದವರು ಜೊತೆಗೊಂದು ಗಣೇಶನ ಮೂರ್ತಿಯನ್ನೂ ತಂದಿದ್ದರು. ಪೊಲೀಸರು ಜನರನ್ನು ವಶಕ್ಕೆ ತೆಗೆದುಕೊಂಡರು, ಮೂರ್ತಿಯನ್ನು ವ್ಯಾನಿನಲ್ಲಿ ಇಟ್ಟರು. ವ್ಯಾನಿನೊಳಗೆ ಗಣಪ ಒಬ್ಬನೇ ಕೂತ ಆ ಫೋಟೊ ಊರೂರು ಸುತ್ತಿ 'ಗಣಪತಿ ಅರೆಸ್ಟ್' ಆಯಿತು. ಮರುದಿನ ಹರಿಯಾಣದ ಕುರುಕ್ಷೇತ್ರದ ಚುನಾವಣಾ ಸಭೆಯಲ್ಲಿ ಪ್ರಧಾನಿಯವರ ಭಾಷಣಕ್ಕೂ ಸೇರಿತು. ಮೂರ್ತಿಯನ್ನು ಕ್ರಮದಂತೆ ವಿಸರ್ಜನೆ ಮಾಡಿದ್ದೇವೆ ಎಂದು ಪೊಲೀಸರು ಹೇಳಿದ ಮಾತು ಅಷ್ಟು ದೂರ ಹೋಗಲಿಲ್ಲ ನೋಡಿ. ಅಂಗಡಿ ಸುಟ್ಟುಕೊಂಡವರ ಗತಿ ಏನಾಯಿತು ಅಂತ ಕೇಳಲು ನಾಗಮಂಗಲಕ್ಕೆ ಯಾವ ನೆಟ್ಟಿಗರು ಹೋದರೋ ಕಾಣೆ.

ಇಷ್ಟೆಲ್ಲ ತಿಳಿದ ನಾನೇ ಹೋದ ವರ್ಷ ಮೊರಕ್ಕೆ ಬಿದ್ದೆ.

ನಾಲೆಗೆ ನೀರು ಬಿಟ್ಟರು ಅಂತ ಸುದ್ದಿ ಬಂತು. ಸಂಜೆ ಗದ್ದೆ ಕಡೆ ಹೋದೆ. ನಾಲೆಯಲ್ಲಿ ಎರಡು ಕೊಕ್ಕರೆ, ಒಂದು ಪ್ಲಾಸ್ಟಿಕ್ ಚಪ್ಪಲಿ. ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿ ಬರೆದೆ: 'ನೀರು ಬಿಟ್ಟಿದ್ದಾರಂತೆ. ಇನ್ನೂ ದಾರಿಯಲ್ಲಿದೆ.' ತಮಾಷೆಗೆ. ಮೂರು ಲೈಕು ಬಂತು. ಒಂದು ನನ್ನದೇ. ಕಾಮೆಂಟು ನಾಲ್ಕು: ಒಬ್ಬರು ಕೈಮುಗಿದಿದ್ದರು, ಒಬ್ಬರು 'ಸೂಪರ್ ಸಾರ್' ಅಂದಿದ್ದರು, ಒಬ್ಬರು ಐದು ನಿಮಿಷದಲ್ಲಿ ಸಾಲ ಕೊಡುವವರು, ಇನ್ನೊಬ್ಬರು ಫೋಟೊದ ಮೂಲೆಯಲ್ಲಿದ್ದ ಟ್ರ್ಯಾಕ್ಟರು ಮಾರಾಟಕ್ಕಿದೆಯಾ ಅಂತ ಕೇಳಿದ್ದರು.

ಮಾರನೇ ದಿನ ಮಧ್ಯಾಹ್ನ ಮುದ್ದೆ ಮುರಿಯುತ್ತಾ ಟಿ.ವಿ. ನೋಡುತ್ತೇನೆ, ನನ್ನ ನಾಲೆ! ನನ್ನ ಕೊಕ್ಕರೆ! ಚಪ್ಪಲಿಗೆ ಕೆಂಪು ದುಂಡು. 'ನೀರಿಗಾಗಿ ಅನ್ನದಾತರ ರಣಕಹಳೆ. ಸರ್ಕಾರದ ವಿರುದ್ಧ ನೆಟ್ಟಿಗರು ಕೆಂಡಾಮಂಡಲ.' ಹಿಂದೆ ಡಬಡಬ ಅಂತ ಸಂಗೀತ.

ನಮ್ಮ ಮನೆಯವಳು ಸಾರಿನ ಸೌಟು ಹಿಡಿದುಕೊಂಡೇ ನೋಡಿದಳು. "ಏನೂಂದ್ರೆ, ನೆಟ್ಟಿಗರು ಅಂದ್ರೆ ನೀವೇಯಾ?"

"ಹ್ಞೂಂ ಕಣೆ."

"ಕೆಂಡಾಮಂಡಲ ಯಾವಾಗ ಆದ್ರಿ? ನಿನ್ನೆ ಎಂಟೂವರೆಗೆಲ್ಲ ಮಲಗಿದ್ರಲ್ಲ."

ಸಂಜೆಗೆ ಒಂದು ಪಕ್ಷದವರು ಫೋಟೊ ಹಿಡಿದು ಗುಡುಗಿದರು. ಇನ್ನೊಂದು ಪಕ್ಷದವರು ತಿರುಗೇಟು ಕೊಟ್ಟರು: ಅದು ನಮ್ಮ ಜಿಲ್ಲೆಯ ನಾಲೆಯೇ ಅಲ್ಲ, ಕೂಲಿ ಕೊಟ್ಟು ಹಾಕಿಸಿದ ಪೋಸ್ಟು. ಮೂರನೆಯವರು ಇಬ್ಬರಿಗೂ ಟಾಂಗ್ ಕೊಟ್ಟರು. ರಾತ್ರಿ ಒಂಬತ್ತಕ್ಕೆ ಆರು ಕಿಟಕಿಯಲ್ಲಿ ಆರು ಜನ ಒಟ್ಟಿಗೆ ಕೂಗಾಡಿದರು. ನೀರು ಎಲ್ಲಿಗೆ ಬಂದಿದೆ ಅಂತ ನೀರಗಂಟಿಗೆ ಒಂದು ಫೋನು ಮಾಡಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಅರ್ಧ ನಿಮಿಷದಲ್ಲಿ ಮುಗಿದರೆ ಮಿಕ್ಕ ಐವತ್ತೊಂಬತ್ತೂವರೆ ನಿಮಿಷ ಏನು ತೋರಿಸುವುದು, ಪಾಪ.

ಹೆದರಿ ಪೋಸ್ಟ್ ಅಳಿಸಿದೆ. ಬೆಳಿಗ್ಗೆ ಅದೇ ಸುದ್ದಿಯಾಗಿತ್ತು: 'ಒತ್ತಡಕ್ಕೆ ಮಣಿದು ಪೋಸ್ಟ್ ಡಿಲೀಟ್. ಅನುಮಾನಕ್ಕೆ ಎಡೆಮಾಡಿದ ನಡೆ.'

ಟೀ ಅಂಗಡಿಗೆ ಹೋಗಿ ಭುಗಿಲಣ್ಣನನ್ನು ಹಿಡಿದೆ. "ಯಾಕ್ಲಾ ಹಿಂಗ್ ಮಾಡ್ದೆ?"

"ನಿಮ್ದು ಅಂತ ಗೊತ್ತಿರ್ನಿಲ್ಲ ಕಣಣ್ಣ, ಅಮ್ಮನಾಣೆ. ಹೆಸರು ಮಸುಕು ಮಾಡಿದ್ಮೇಲೆ ನಂಗೂ ಕಾಣಾಕಿಲ್ಲ," ಅಂದ. ಟೀ ಅವನೇ ಕೊಡಿಸಿದ. ಆ ಸುದ್ದಿಗೆ ದುಡ್ಡು ಬಂತಾ ಅಂದರೆ, ಇನ್ನೂ ಬಂದಿಲ್ಲ ಅಂದ. ಬಂದಿರಲಿಲ್ಲ ಅಂತಲೇ ಕಾಣುತ್ತದೆ. ಅವನ ಬೈಕು ಆವತ್ತೂ ರಿಸರ್ವಿನಲ್ಲೇ ಇತ್ತು.

ನಾಲ್ಕನೇ ದಿನ ನೀರು ಬಂತು. ನಾಲೆ ತುಂಬ, ಕೆಂಚಗೆ, ಎರಡು ದಡಕ್ಕೂ ತಾಗಿಕೊಂಡು. ನಾನೇ ಫೋನು ಮಾಡಿ, "ಬಾರಪ್ಪ, ನೀರು ಬಂದದೆ, ಇದನ್ನೂ ಒಸಿ ಹಾಕು," ಅಂದೆ.

"ನೀರು ಬಂದುದ್ದುಕ್ಕೆ ಯಾರಾರಾ ಬೈದವ್ರಾ ಅಣ್ಣ?"

"ಇಲ್ಲ ಕಣಪ್ಪ."

"ಹಂಗಾರೆ ಬುಡಿ," ಅಂತ ಇಟ್ಟುಬಿಟ್ಟ.

ಅಂದು ಟ್ರ್ಯಾಕ್ಟರು ಕೇಳಿದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಪೋಸ್ಟಿನ ಜೊತೆ ನಿಮ್ಮ ಕಾಮೆಂಟೂ ಅಳಿಸಿಹೋಯಿತು, ಉತ್ತರ ಕೊಡಲಾಗಲಿಲ್ಲ. ಆ ಟ್ರ್ಯಾಕ್ಟರು ನನ್ನದಲ್ಲ, ಪಕ್ಕದ ಗದ್ದೆಯವರದು. ಮಾರುವುದಿಲ್ಲವಂತೆ, ನಾಟಿ ಮುಗಿದ ಮೇಲೆ ಬೇಕಾದರೆ ಬಾಡಿಗೆಗೆ ಕೊಡುತ್ತಾರಂತೆ.