ಡೊಳ್ಳುಹೊಟ್ಟೆಯ ಲಾಭ

(ಬೆಂಗಳೂರಿನ ಒಂದು ಅದೃಷ್ಟದ ಅಂಗಡಿ)

ಗಿರಾಕಿ: ಈ ಲಾಫಿಂಗ್ ಬುದ್ಧ ಎಷ್ಟು ಸ್ವಾಮಿ?

ಅಂಗಡಿಯವ: ಎಂಟುನೂರು ಸಾರ್. ಬಾಗಿಲಿಗೆ ಎದುರಾಗಿ ಇಡಿ, ದುಡ್ಡು ಹುಡುಕ್ಕೊಂಡು ಬರುತ್ತೆ.

ಗಿರಾಕಿ: ಇವನು ಗೌತಮ ಬುದ್ಧ ಅಲ್ಲ ಕಣ್ರೀ. 10ನೇ ಶತಮಾನದ ಚೀನಾದ ಸನ್ಯಾಸಿ, ಬುಡೈ. ಭಿಕ್ಷೆ ಬೇಡ್ತಿದ್ದ, ಆಸ್ತಿಯೆಲ್ಲ ಆ ಜೋಳಿಗೇಲೇ.

ಅಂಗಡಿಯವ: ಇಎಂಐ ಇರಲಿಲ್ಲವಲ್ಲ, ಅದಕ್ಕೇ ನಗ್ತಿದಾನೆ! ಆದ್ರೆ ಒಂದ್ಮಾತು, ನೀವೇ ಕೊಂಡ್ರೆ ಫಲವಿಲ್ಲ. ಯಾರಾದ್ರೂ ಉಡುಗೊರೆ ಕೊಡಬೇಕು.

ಗಿರಾಕಿ: ಹಾಗಾದ್ರೆ ನೀವೇ ಕೊಟ್ಬಿಡಿ.

ಅಂಗಡಿಯವ: (ಗಾಬರಿಯಿಂದ) ನನಗೆ ಲಾಸ್ ಆಗಲ್ವೇ?

ಗಿರಾಕಿ: ಅಂಗಡಿ ತುಂಬ ಬುದ್ಧರಿದ್ದಾರಲ್ಲ, ತುಂಬಿಕೊಡ್ತಾರೆ.

ಅಂಗಡಿಯವ: ಎಲ್ಲ ಸಾಲದ ಮಾಲು ಸಾರ್. ಬಾಡಿಗೇನೇ ಮೂರು ತಿಂಗಳು ಬಾಕಿ. ನಾನೇ ಕೊಂಡು ತಂದಿದ್ದಲ್ವಾ, ಫಲ ಎಲ್ಲಿಂದ ಬರುತ್ತೆ?

ಓದುಗರಲ್ಲಿ ವಿನಂತಿ: ಯಾರಾದರೂ ಈ ಅಂಗಡಿಯವನಿಗೊಂದು ಬುದ್ಧನನ್ನು ಉಡುಗೊರೆ ಕೊಡಿ. ಬೇರೆ ಅಂಗಡಿಯಲ್ಲಿ ಕೊಂಡು.