ಬರ್ತು ಸಂಖ್ಯೆಯಿಲ್ಲದ ಪ್ರಯಾಣಿಕರು

ಭಾರತೀಯ ರೈಲ್ವೆಯ ನಿಯಮದಂತೆ ಐದು ವರ್ಷ ತುಂಬದ ಮಗುವಿಗೆ, ಹೆತ್ತವರು ಪ್ರತ್ಯೇಕ ಬರ್ತು ಕೇಳದಿದ್ದಲ್ಲಿ, ಟಿಕೆಟ್ ಬೇಕಾಗಿಲ್ಲ. ಐದು ತುಂಬಿ ಹನ್ನೆರಡು ತುಂಬದ ಮಗುವಿಗೆ ಬರ್ತು ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ಣ ದರ. ಅರ್ಧ ಟಿಕೆಟಿಗೆ ಇಡೀ ಬರ್ತು ದೊರೆಯುತ್ತಿದ್ದ ಸುಭಿಕ್ಷ ಕಾಲವೊಂದು 2016ರ ಏಪ್ರಿಲ್‌ವರೆಗೂ ಇತ್ತೆಂಬುದನ್ನು ಬಲ್ಲವರು ಈಗಲೂ ನಿಟ್ಟುಸಿರಿನೊಡನೆ ನೆನೆಯುತ್ತಾರೆ. ನಿಯಮ ರೂಪಿಸಿದವರು ವಯಸ್ಸು ಕಡಿಮೆಯಾದಷ್ಟೂ ಮಗುವಿಗೆ ಬೇಕಾಗುವ ಜಾಗವೂ ಕಡಿಮೆಯಾಗುತ್ತದೆಂದು ನಂಬಿದ್ದಂತೆ ಕಾಣುತ್ತದೆ. ಆದರೆ ಮೂರು ನಾಲ್ಕು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿದ ಯಾವ ಸಂಸಾರವನ್ನು ಅವಲೋಕಿಸಿದರೂ ವಾಸ್ತವ ಇದಕ್ಕೆ ತೀರ ವಿರುದ್ಧವಾಗಿರುವುದು ಕಣ್ಣಿಗೆ ಬೀಳುತ್ತದೆ: ಪೂರ್ಣ ದರ ತೆತ್ತ ತಂದೆ ಸೀಟಿನ ಅಂಚಿನಲ್ಲಿ ಒಂದು ತೊಡೆ ಊರಿ ಕುಳಿತಿರುತ್ತಾನೆ, ಅರ್ಧ ದರದ ಮಗಳು ಕಾಲು ಚಾಚಿಕೊಂಡಿರುತ್ತಾಳೆ, ದರವೇ ಇಲ್ಲದ ಒಂದೂವರೆ ವರ್ಷದ ಕೂಸು ಇಡೀ ಬರ್ತಿನ ಮೇಲೆ ಅಡ್ಡಡ್ಡ ಮಲಗಿರುತ್ತದೆ.

ದರ ವಯಸ್ಸನ್ನು ಅವಲಂಬಿಸಿರುವುದರಿಂದ ರೈಲಿನೊಳಗೆ ಮಕ್ಕಳ ವಯಸ್ಸು ಮನೆಯಲ್ಲಿರುವಷ್ಟು ಖಚಿತವಾಗಿ ಇರುವುದಿಲ್ಲ. ಶಾಲೆಗೆ ಸೇರಿಸುವಾಗ ಮಗನಿಗೆ ವಯಸ್ಸಾಗಿದೆಯೆಂದು ಮುಖ್ಯೋಪಾಧ್ಯಾಯರ ಮುಂದೆ ವಾದಿಸಿ ಗೆದ್ದ ತಾಯಿಯೇ, ಪ್ಲಾಟ್‌ಫಾರ್ಮಿನ ಮೇಲೆ ಅವನ ಕಿವಿಯಲ್ಲಿ, "ಟಿಸಿ ಮಾಮ ಕೇಳಿದ್ರೆ ನಾಲ್ಕು ಅನ್ಬೇಕು, ಆಯ್ತಾ ಪುಟ್ಟಾ?" ಎಂದು ಪಾಠ ಹೇಳಿಕೊಡುತ್ತಾಳೆ. ಟಿಸಿ, ಅಂದರೆ ಬೋಗಿಯಿಂದ ಬೋಗಿಗೆ ಹೋಗಿ ಟಿಕೆಟ್ ಪರೀಕ್ಷಿಸುವ ಕರಿಕೋಟಿನ ಅಧಿಕಾರಿ, ಇಂಥ ಪಾಠಗಳನ್ನೆಲ್ಲ ಕಂಡುಂಡವನಾದ್ದರಿಂದ ವಯಸ್ಸಿನ ಸುದ್ದಿಗೇ ಹೋಗದೆ, "ಯಾವ ಕ್ಲಾಸು ಮರಿ?" ಎಂದು ಅಕ್ಕರೆಯಿಂದ ಕೇಳುತ್ತಾನೆ. "ಒಂದನೇ ಕ್ಲಾಸು, ಬಿ ಸೆಕ್ಷನ್" ಎಂದು ಮಗು ಎದ್ದು ನಿಂತು ಉತ್ತರಿಸುತ್ತದೆ. ಒಂದನೇ ತರಗತಿಯಲ್ಲಿ ಓದುವ ನಾಲ್ಕು ವರ್ಷದ ಮಗು ರಾಜ್ಯದಲ್ಲಿ ಸಿಗುವುದು ದುರ್ಲಭವಾದ್ದರಿಂದ ತಂದೆ ಮಾತಿಲ್ಲದೆ ಪರ್ಸಿಗೆ ಕೈಹಾಕುತ್ತಾನೆ. ಸುಳ್ಳು ಹೇಳದ ಮಗುವನ್ನು ಆ ಕ್ಷಣದಲ್ಲಿ ಹೊಗಳುವ ಹೆತ್ತವರು ವಿರಳ.

ಆದರೆ ಕಷ್ಟದ ಮೂಲವಿರುವುದು ಟಿಕೆಟ್ ಕಾದಿರಿಸುವ ಹಂತದಲ್ಲಿ. ಒಂದು ಟಿಕೆಟಿನಲ್ಲಿ ಆರು ಜನರಿಗಿಂತ ಹೆಚ್ಚು ಪ್ರಯಾಣಿಕರನ್ನು ಸೇರಿಸುವಂತಿಲ್ಲ. ಬೇಸಿಗೆ ರಜೆಯಲ್ಲಿ ತವರಿಗೆ ಹೊರಟ ಅಕ್ಕತಂಗಿಯರ ಎರಡು ಸಂಸಾರ ಒಟ್ಟುಗೂಡಿದರೆ ಲೆಕ್ಕ ಆರನ್ನು ಸಲೀಸಾಗಿ ದಾಟುತ್ತದೆ. ಎರಡು ಟಿಕೆಟ್ ಮಾಡಿಸಬೇಕಾಗಿ ಬಂದಾಗ ಬರ್ತು ಹಂಚುವ ಕಂಪ್ಯೂಟರು ಒಂದನ್ನು ಎಸ್ 3 ಬೋಗಿಗೂ ಇನ್ನೊಂದನ್ನು ಎಸ್ 9 ಬೋಗಿಗೂ ಎಸೆಯುವ ಸಂಭವವಿದ್ದು, ಆಗ ಕೂಸು ಒಂದು ಬೋಗಿಯಲ್ಲಿ, ಅದರ ಹಾಲಿನ ಬಾಟಲಿ ಆರು ಬೋಗಿ ಆಚೆ, ಎರಡರ ನಡುವೆ ಓಡಾಡುವ ಭಾವ ಯಾವ ಬೋಗಿಯಲ್ಲೂ ಸಿಗದೆ ಎಲ್ಲರೂ ಪರದಾಡುವಂತಾಗುತ್ತದೆ. ಇನ್ನು ಆರ್‌ಎಸಿ ಟಿಕೆಟ್ ಬಂದರೆ, ಅಂದರೆ ಬೇರೊಬ್ಬರು ರದ್ದುಪಡಿಸುವವರೆಗೆ ಕೂರುವ ಹಕ್ಕನ್ನಷ್ಟೇ ಕೊಡುವ ಟಿಕೆಟ್ ಬಂದರೆ, ಓಡಾಟದ ದಾರಿಯ ಆಚೆಗಿರುವ ಸೈಡ್ ಲೋಯರ್ ಎಂಬ ಕೆಳಬರ್ತನ್ನು ಇಬ್ಬರು ಹಂಚಿಕೊಳ್ಳಬೇಕು. ಆ ಇಬ್ಬರಿಗೂ ಟಿಕೆಟ್ ಬೇಡದ ಎರಡೆರಡು ಮಕ್ಕಳಿದ್ದಲ್ಲಿ ಒಂದೇ ಬರ್ತಿನ ಮೇಲೆ ಆರು ಜೀವಗಳು ಕಾನೂನುಬದ್ಧವಾಗಿಯೇ ಕುಳಿತಿರುತ್ತವೆ. ಹಳೆಯ ಸ್ಲೀಪರ್ ಬೋಗಿಯಲ್ಲಿ 72 ಮತ್ತು ಹೊಸ ಎಲ್‌ಎಚ್‌ಬಿ ಬೋಗಿಯಲ್ಲಿ 80 ಬರ್ತುಗಳಿವೆಯೆಂಬ ಅಧಿಕೃತ ಅಂಕಿಯಿಂದ ಮೇ ತಿಂಗಳಲ್ಲಿ ಬೋಗಿಯೊಳಗಿರುವ ಒಟ್ಟು ಬಾಯಿಗಳನ್ನು ಊಹಿಸಲು ಹೊರಡುವುದು ವ್ಯರ್ಥ.

ಹತ್ತುವ ಕೆಲಸವೂ ಸಾಮಾನ್ಯವಾದುದಲ್ಲ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ 1,507 ಮೀಟರಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದದ್ದೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ಒಂದು ಮಗು ಸೊಂಟದ ಮೇಲೆ, ಇನ್ನೊಂದು ಬೆರಳ ತುದಿಯಲ್ಲಿ ಇರುವಾಗ, ಮೂರನೆಯದು "ಅಪ್ಪಾ, ಕಾಲ್ ನೋಯಾಕತ್ತಾವ" ಎಂದು ದಾರಿಯಲ್ಲೇ ಕುಕ್ಕರಿಸಿಬಿಟ್ಟಾಗ, ತಮ್ಮ ಬೋಗಿ ಇನ್ನೊಂದು ತುದಿಯಲ್ಲಿದೆಯೆಂದು ತಿಳಿದು ಓಡತೊಡಗಿದವರಿಗೆ ಆ ಹೆಮ್ಮೆ ಊರು ತಲುಪಿ ಒಂದು ನಿದ್ದೆ ಮುಗಿಸಿದ ಮೇಲೆ ಬರುವಂಥದ್ದು.

ಒಳಗೆ ಕುಳಿತ ಬಳಿಕ ಮೊದಲು ಏಳುವ ಪ್ರಶ್ನೆ ಕಿಟಕಿಯದು. ಎದುರುಬದುರು ಸೀಟುಗಳ ಒಂದು ಅಂಕಣದಲ್ಲಿ ಕಿಟಕಿಯ ಪಕ್ಕದ ಜಾಗ ಎರಡೇ, ಮಕ್ಕಳು ನಾಲ್ವರು. ಹಿರಿಯರು ಪ್ರತಿ ನಿಲ್ದಾಣಕ್ಕೊಮ್ಮೆ ಜಾಗ ಬದಲಿಸಬೇಕೆಂಬ ನ್ಯಾಯೋಚಿತ ಸೂತ್ರವೊಂದನ್ನು ಪ್ರಕಟಿಸುತ್ತಾರೆ. ನಿಲ್ದಾಣಗಳ ನಡುವಿನ ದೂರ ಸಮವಲ್ಲವೆಂಬುದನ್ನು ಮಕ್ಕಳು ಹಿರಿಯರಿಗಿಂತ ಬೇಗ ಕಂಡುಕೊಳ್ಳುವುದರಿಂದ, ಯಶವಂತಪುರದಿಂದ ಚಿಕ್ಕಬಾಣಾವರದವರೆಗಷ್ಟೇ ಕಿಟಕಿ ಸಿಕ್ಕ ಮಗು ಮೋಸವಾಯಿತೆಂದು ಅಳತೊಡಗುತ್ತದೆ. ಕಿಟಕಿ ಸಿಕ್ಕವರಾದರೂ ಸುಮ್ಮನಿರುತ್ತಾರೆಯೇ? ಸರಳುಗಳಿಗೆ ಕೆನ್ನೆಯೊತ್ತಿ ನೋಡುವುದರಿಂದ ಕೆನ್ನೆಯ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಆ ಕೆನ್ನೆಯನ್ನು ಅಮ್ಮನ ರೇಷ್ಮೆ ಸೆರಗಿಗೆ ಒರೆಸಲಾಗುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಶಟರಿನ ಕೊಂಡಿಯನ್ನು ಒತ್ತಿ ಅದನ್ನು ದಡಾರನೆ ಬೀಳಿಸಿ, ಬೆರಳು ಸಿಕ್ಕಿತೋ ಇಲ್ಲವೋ ಎಂದು ಇಡೀ ಅಂಕಣ ಉಸಿರು ಬಿಗಿಹಿಡಿಯುವಂತೆ ಮಾಡುತ್ತಾನೆ. ಕಿಟಕಿ ಸಿಗದ, ಈಚೆಗಷ್ಟೇ ಓದಲು ಕಲಿತ ಏಳು ವರ್ಷದವಳು ಗೋಡೆಯ ಮೇಲಿನ ಎಚ್ಚರಿಕೆಗಳನ್ನು ಗಟ್ಟಿಯಾಗಿ ಓದಲಾರಂಭಿಸುತ್ತಾಳೆ. ಸಕಾರಣವಿಲ್ಲದೆ ಅಪಾಯದ ಸರಪಳಿ ಎಳೆದರೆ 1,000 ರೂಪಾಯಿವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ ಎಂಬುದನ್ನು ಓದಿ ಮುಗಿಸಿದವಳು, ತಮ್ಮನ ಚಪ್ಪಲಿ ಕಿಟಕಿಯಿಂದ ಹೊರಗೆ ಬಿದ್ದರೆ ಅದು ಸಕಾರಣವೇ ಎಂದು ಕೇಳುತ್ತಾಳೆ. ಪ್ರಶ್ನೆ ಕೇಳುವ ಹೊತ್ತಿಗೆ ಚಪ್ಪಲಿ ಬಿದ್ದಾಗಿರುತ್ತದೆ.

ಹಸಿವಿಗೂ ರೈಲಿಗೂ ಇರುವ ಸಂಬಂಧ ವೈದ್ಯಶಾಸ್ತ್ರಕ್ಕೆ ಇನ್ನೂ ನಿಲುಕಿಲ್ಲ. ಮನೆಯಲ್ಲಿ ಇಡ್ಲಿಯ ತಟ್ಟೆ ಹಿಡಿದು ಹಿಂದೆ ಹಿಂದೆ ಓಡಿದರೂ ಬಾಯಿ ತೆರೆಯದ ಮಕ್ಕಳು ಗಾಡಿ ಅಲುಗಿದೊಡನೆ ಬುತ್ತಿಯನ್ನು ನೆನೆಯುತ್ತಾರೆ. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡ ಚಪಾತಿ, ಪಲ್ಯ, ಚಿತ್ರಾನ್ನ ಕುಣಿಗಲ್ಲಿಗೆ ಮೊದಲೇ ಖಾಲಿಯಾಗಿ, ಹಿರಿಯರ ಪಾಲಿಗೆ ಡಬ್ಬಿಯ ತಳದ ಮೊಸರನ್ನವೂ ಮಾರುವವರ ಚುರುಮುರಿಯೂ ಉಳಿಯುತ್ತವೆ. ಮಾರುವವರಲ್ಲಿ ತಿನಿಸಿನವರು ಅಷ್ಟು ಅಪಾಯಕಾರಿಗಳಲ್ಲ. ಬಣ್ಣದ ಪುಸ್ತಕ, ಆಟಿಕೆ ಮಾರುವವನ ವ್ಯಾಪಾರಕ್ರಮ ಮಾತ್ರ ವಿಶೇಷ ಅಧ್ಯಯನಕ್ಕೆ ಅರ್ಹವಾದುದು: ಅವನು ಯಾರನ್ನೂ ಬೇಕೇ ಎಂದು ಕೇಳುವುದಿಲ್ಲ, ಬೆಲೆ ಹೇಳುವುದಿಲ್ಲ, ದೊಡ್ಡವರ ಮುಖವನ್ನೇ ನೋಡುವುದಿಲ್ಲ, ಪ್ರತಿ ಮಗುವಿನ ಮಡಿಲಿಗೆ ಒಂದೊಂದು ಪುಸ್ತಕ ಹಾಕುತ್ತ ಬೋಗಿಯ ಕೊನೆಯವರೆಗೆ ಹೋಗಿ, ಪುಸ್ತಕದ ಒಂದು ಮೂಲೆಯನ್ನು ಕೂಸು ಚೀಪಿ ಒದ್ದೆ ಮಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು ಹಿಂದಿರುಗುತ್ತಾನೆ. ಚೀಪಿದ ಪುಸ್ತಕವನ್ನು ಮರಳಿಸುವ ಧೈರ್ಯವುಳ್ಳ ತಂದೆಯಿಲ್ಲ. ಒಂದಕ್ಕೆ ಕೊಂಡರೆ ಉಳಿದ ಮೂವರಿಗೆ ಕೊಳ್ಳದಿರುವ ಸಾಧ್ಯತೆಯೂ ಇಲ್ಲ.

ಶೌಚಾಲಯದ ವಿಷಯವನ್ನು ಸಭ್ಯತೆಯ ದೃಷ್ಟಿಯಿಂದ ಚಿಕ್ಕದಾಗಿಯೇ ಹೇಳಬೇಕು. ನಾಲ್ಕು ಮಕ್ಕಳಿಗೆ ಒಂದೇ ಸಲ ಅವಸರವಾಗುವುದಿಲ್ಲ. ಒಬ್ಬನನ್ನು ಕರೆದೊಯ್ದು ಕರೆತಂದು ಕುಳಿತ ಮೇಲೆಯೇ ಇನ್ನೊಬ್ಬನಿಗೆ ನೆನಪಾಗುತ್ತದೆ. ಹಿಂದೆ ಕೆಳಗಿನ ಕಿಂಡಿಯಲ್ಲಿ ಓಡುವ ಜಲ್ಲಿಕಲ್ಲು ನೋಡಲೆಂದೇ ಮಕ್ಕಳು ಸುಳ್ಳು ಅವಸರ ಹೂಡುತ್ತಿದ್ದುದುಂಟು. ಬ್ಯಾಕ್ಟೀರಿಯಾದಿಂದ ಮಲವನ್ನು ಕರಗಿಸುವ ಜೈವಿಕ ಶೌಚಾಲಯಗಳನ್ನು ಕಳೆದ ದಶಕದಲ್ಲಿ ಅಳವಡಿಸಿದ ಬಳಿಕ ಹಳಿಗಳು ಸ್ವಚ್ಛವಾದವು, ಆ ನೋಟವೂ ತಪ್ಪಿತು.

ಹಗಲಿನ ಗಾಡಿಯಲ್ಲಿ ಮಂಗಳೂರಿಗೆ ಹೊರಟವರಿಗೆ ಪ್ರವಾಸದ ಶಿಖರವಿರುವುದು ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ. ಹೊರಗೆ ಕಣಿವೆ, ಝರಿ, ಎತ್ತರದ ಸೇತುವೆಗಳಿವೆ. ಎಡಕುಮೇರಿಯಂಥ, ಸುತ್ತಲೂ ಕಾಡಲ್ಲದೆ ಬೇರೇನೂ ಇಲ್ಲದ ನಿಲ್ದಾಣಗಳಿವೆ. ಇದನ್ನು ನೋಡಲೆಂದೇ 2021ರ ಜುಲೈಯಿಂದ ಗಾಜಿನ ಚಾವಣಿಯ, 44 ಆಸನಗಳ ವಿಸ್ಟಾಡೋಮ್ ಬೋಗಿಗಳನ್ನೂ ಈ ಮಾರ್ಗದಲ್ಲಿ ಓಡಿಸಲಾಗುತ್ತಿದೆ. ಆದರೆ ಮಕ್ಕಳ ದೃಷ್ಟಿಯಲ್ಲಿ ಇಲ್ಲಿ ನೋಡತಕ್ಕದ್ದು ಸುರಂಗ ಮಾತ್ರ, ಸುರಂಗದಲ್ಲಿ ಮಾಡತಕ್ಕದ್ದು ಕಿರುಚುವುದು ಮಾತ್ರ. ಮೊದಲ ಸುರಂಗದ ಕಿರುಚಾಟಕ್ಕೆ ಅಕ್ಕಪಕ್ಕದವರೆಲ್ಲ ನಗುತ್ತಾರೆ. ಎರಡನೆಯದಕ್ಕೆ ಅಜ್ಜನೊಬ್ಬರು ತಾವೂ ದನಿಗೂಡಿಸುತ್ತಾರೆ. ಹತ್ತನೆಯ ಸುರಂಗದ ವೇಳೆಗೆ ಒಬ್ಬರು ಎದ್ದು ಇನ್ನೆಷ್ಟು ಬಾಕಿ ಇವೆಯೆಂದು ವಿಚಾರಿಸುತ್ತಾರೆ. ಒಟ್ಟು 57 ಇವೆ. ನಾಲ್ಕು ಮಕ್ಕಳು ತಲಾ ಒಮ್ಮೆ ಕಿರುಚಿದರೂ 228 ಆಗುತ್ತದೆ, ಮತ್ತು ಉದ್ದನೆಯ ಸುರಂಗಗಳಲ್ಲಿ ಒಂದೇ ಕಿರುಚಿಗೆ ತೃಪ್ತಿಪಡುವ ಮಗುವನ್ನು ಯಾರೂ ಕಂಡಿಲ್ಲ. ಮಲಗಿದ್ದ ಕೂಸು ಎಚ್ಚೆತ್ತು ಭಯದಿಂದ ಅಳುವುದುಂಟಾದರೂ ಕೆಲವೇ ಸುರಂಗಗಳ ನಂತರ ಅದೂ ಕಿರುಚಲು ಕಲಿತುಬಿಡುತ್ತದೆ. ಸುಬ್ರಹ್ಮಣ್ಯ ರೋಡ್ ದಾಟಿ ಬಯಲು ಬಂದ ಬಳಿಕ "ಇನ್ನು ಸುರಂಗ ಇಲ್ವಾ?" ಎಂದು ಕೇಳುವ ದನಿಯಲ್ಲಿನ ನಿರಾಶೆಗೂ ಅದನ್ನು ಕೇಳಿಸಿಕೊಳ್ಳುವ ಬೋಗಿಯ ಸಮಾಧಾನಕ್ಕೂ ಅಳತೆಯಿಲ್ಲ.

ರಾತ್ರಿಯ ಪ್ರಯಾಣಕ್ಕೆ ಬೇರೆಯದೇ ಶಾಸ್ತ್ರವಿದೆ. ನಡುಬರ್ತನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಬಿಡಿಸಿ ಮಲಗಬಹುದೆಂಬ ನಿಯಮ ಹಿರಿಯರಿಗೆ ಗೊತ್ತು. ಏಳೂವರೆಗೇ ಕಣ್ಣು ಕೂರುವ ಮಗುವಿಗೆ ಗೊತ್ತಿಲ್ಲ. ಎಲ್ಲ ಮಕ್ಕಳಿಗೂ ಬೇಕಾಗಿರುವುದು ಮೇಲ್ಬರ್ತು. ಅಲ್ಲಿಗೆ ಹತ್ತಿದ ಮೇಲೆ ನೀರು ಬೇಕು, ಇಳಿದು ಕುಡಿದ ಮೇಲೆ ಮತ್ತೆ ಹತ್ತಬೇಕು, ಹತ್ತಿದ ಮೇಲೆ ಕತ್ತಲೆಯೆಂದು ಅಮ್ಮ ಬೇಕು. ಹೀಗೆ ಗೆದ್ದುಕೊಂಡ ಮೇಲ್ಬರ್ತುಗಳೆಲ್ಲ ಕೊನೆಗೆ ಖಾಲಿಯಾಗಿ ಚೀಲಗಳ ಪಾಲಾಗುತ್ತವೆ, ಮಕ್ಕಳೆಲ್ಲ ಕೆಳಬರ್ತಿನಲ್ಲಿ ಗುಂಪುಗೂಡುತ್ತಾರೆ. ತಾಯಂದಿರು ಇದಕ್ಕೆ ಬಹಳ ಹಿಂದೆಯೇ ಕಂಡುಕೊಂಡ ಪರಿಹಾರವೆಂದರೆ, ಹಳೆಯ ನೂಲಿನ ಸೀರೆಯನ್ನು ಎದುರುಬದುರು ಬರ್ತುಗಳ ಸರಪಳಿಗೆ ಬಿಗಿದು ಕಟ್ಟುವ ಜೋಲಿ. ತೂಗುವ ಕೆಲಸವನ್ನು ಗಾಡಿಯೇ ವಹಿಸಿಕೊಳ್ಳುವುದರಿಂದ ಕೂಸು ಮನೆಯಲ್ಲಿ ಮಲಗದಷ್ಟು ಗಾಢವಾಗಿ ಮಲಗುತ್ತದೆ. ಕಿಟಕಿ ಪಕ್ಕದಿಂದ ಎದ್ದು ಹೊರಗೆ ಹೋಗಬೇಕಾದ ಸಹಪ್ರಯಾಣಿಕ ಮಾತ್ರ ಅದರಡಿಯಲ್ಲಿ ನುಸುಳಿ ಹೋಗಬೇಕು. ರೈಲ್ವೆಯೂ ಈ ಕಡೆಗೆ ಗಮನ ಕೊಡದೆ ಇಲ್ಲ. ಕೆಳಬರ್ತಿನ ಅಂಚಿಗೆ ಜೋಡಿಸುವ, ಬೇಡವಾದಾಗ ಮಡಚಿಡಬಹುದಾದ ಶಿಶುಬರ್ತೊಂದನ್ನು 2022ರ ಮೇ ತಿಂಗಳಲ್ಲಿ ಉತ್ತರ ರೈಲ್ವೆ ಲಖನೌ ಮೇಲ್‌ನ ಒಂದು ಬೋಗಿಯಲ್ಲಿ ಪ್ರಯೋಗಾರ್ಥವಾಗಿ ಅಳವಡಿಸಿತ್ತು. ಅಂಥದ್ದು ನಮ್ಮ ಕಡೆಯ ಗಾಡಿಗಳ ಎಲ್ಲ ಬೋಗಿಗಳಿಗೂ ಬರುವವರೆಗೆ ಇರುವ ಉಪಾಯ ಎರಡೇ, ಸೀರೆಯ ಜೋಲಿ ಮತ್ತು ನೆರೆಯವರ ದಾಕ್ಷಿಣ್ಯ. ಆದ್ದರಿಂದ ಒಂಟಿಯಾಗಿ, ಕೈಯಲ್ಲೊಂದು ಪುಸ್ತಕ ಹಿಡಿದು, ಕೆಳಬರ್ತು ಸಿಕ್ಕ ಸಂತೋಷದಲ್ಲಿ ರೈಲು ಹತ್ತುವ ಓದುಗರಲ್ಲಿ ಒಂದು ವಿನಂತಿ: ಮಕ್ಕಳೊಂದಿಗರು ಬಂದು "ಸ್ವಲ್ಪ ಮೇಲ್ಬರ್ತಿಗೆ ಹೋಗ್ತೀರಾ ಸಾರ್?" ಎಂದು ಕೇಳಿದರೆ ಒಪ್ಪಿಕೊಳ್ಳಿ; ಒಪ್ಪದಿದ್ದರೂ ಅಂದು ರಾತ್ರಿ ನಿದ್ದೆಯಂತೂ ಬರುವುದಿಲ್ಲ.