ಖಾಯಂ ವಿಳಾಸವಿಲ್ಲದ ಕಾದಂಬರಿಕಾರರಿಗೆ ಬಳಕೆಯ ಕೈಪಿಡಿ

ಬಳಸುವ ಮುನ್ನ ಓದಿ

ಊರು ಬಿಟ್ಟ, ಅಥವಾ ಊರೇ ಕೈಬಿಟ್ಟ ಕಾದಂಬರಿಕಾರರು ಚಿತ್ರಕಥೆ ಬರೆಯಲು ಕೂತಾಗ ಪಾಲಿಸಬೇಕಾದ ಕ್ರಮಗಳು ಇಲ್ಲಿವೆ. ಇವನ್ನೆಲ್ಲ ರೂತ್ ಪ್ರವರ್ ಝಾಬ್‌ವಾಲಾ ಒಬ್ಬರೇ ಬಳಸಿ ನೋಡಿದ್ದಾರೆ. ಬೂಕರ್ ಮತ್ತು ಆಸ್ಕರ್ ಎರಡನ್ನೂ ಗೆದ್ದವರು ಅವರೊಬ್ಬರೇ. ಆದ್ದರಿಂದ ಕ್ರಮ ಸರಿಯಿದೆ ಎಂದೇ ನಂಬಿ ಮುಂದುವರಿಯಿರಿ.

ಪೆಟ್ಟಿಗೆಯಲ್ಲಿ ಇರುವ ಸಾಮಾನು

ಹುಟ್ಟೂರು 1: ಜರ್ಮನಿಯ ಕಲೋನ್, 1927.
ಓಡಿಬಂದ ದೇಶ 1: ಇಂಗ್ಲೆಂಡ್, 1939. ಯೆಹೂದಿ ಕುಟುಂಬಕ್ಕೆ ಬೇರೆ ದಾರಿ ಇರಲಿಲ್ಲ.
ಮದುವೆಯಾಗಿ ಬಂದ ಊರು 1: ದೆಹಲಿ, 1951. ಗಂಡ ಪಾರ್ಸಿ ವಾಸ್ತುಶಿಲ್ಪಿ.
ಮತ್ತೆ ಹೊರಟ ಊರು 1: ನ್ಯೂಯಾರ್ಕ್, 1975.
ಮನೆಮಾತು 1: ಜರ್ಮನ್. ಬರೆಯಲು ಬಳಸುವುದಿಲ್ಲ.
ಬರೆಯುವ ಭಾಷೆ 1: ಇಂಗ್ಲಿಷ್.
ಬೇರು: ಬೇರೆಯಾಗಿ ಕೊಳ್ಳಬೇಕು. ಸದ್ಯ ಸ್ಟಾಕ್ ಇಲ್ಲ.

ಹಂತ 1: ಜಾಗಕ್ಕೆ ಹೊಂದಿಸುವುದು

ಹೊಸ ಊರಿನಲ್ಲಿ ಮೊದಲು ಎಲ್ಲವೂ ಸೊಗಸು. ಆಮೇಲೆ ಅಷ್ಟೇನೂ ಸೊಗಸಲ್ಲ. ಕೊನೆಗೆ ಎಲ್ಲವೂ ಅಸಹ್ಯ. ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಭಾರತದಲ್ಲಿ ತಾವು ಗಾಣದ ಎತ್ತಿನಂತೆ ಸುತ್ತಿದ ಈ ಸುತ್ತನ್ನು ರೂತ್ ‘ಮೈಸೆಲ್ಫ್ ಇನ್ ಇಂಡಿಯಾ’ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮೂರನೆಯ ಘಟ್ಟಕ್ಕೆ ಅವರ ಪರಿಹಾರ ಸರಳ: ಕಿಟಕಿ ಮುಚ್ಚಿ, ಏಸಿ ಹಾಕಿ, ಬರೆಯುತ್ತ ಕೂರಿ.

ಹಂತ 2: ಫೋನ್ ಬಂದರೆ

‘ದಿ ಹೌಸ್‌ಹೋಲ್ಡರ್’ ಕಾದಂಬರಿ 1960ರಲ್ಲಿ ಬಂತು. ಅದನ್ನು ಸಿನಿಮಾ ಮಾಡುತ್ತೇವೆಂದು ಮುಂಬಯಿಯ ಇಸ್ಮಾಯಿಲ್ ಮರ್ಚಂಟ್ ಮತ್ತು ಅಮೆರಿಕದ ಜೇಮ್ಸ್ ಐವರಿ ಹುಡುಕಿಕೊಂಡು ಬಂದರು. ಫೋನ್ ಎತ್ತಿದ ರೂತ್ ತಮ್ಮ ಅತ್ತೆಯಂತೆ ಮಾತಾಡಿ ತಪ್ಪಿಸಿಕೊಳ್ಳಲು ನೋಡಿದರು ಎಂಬ ಕಥೆಯಿದೆ. ಸಿಕ್ಕಿಬಿದ್ದ ಮೇಲೆ, ನನಗೆ ಚಿತ್ರಕಥೆ ಬರೆದು ಗೊತ್ತಿಲ್ಲ ಎಂದರು. ನಮಗೂ ಕಥಾಚಿತ್ರ ಮಾಡಿ ಗೊತ್ತಿಲ್ಲ, ಪರವಾಗಿಲ್ಲ ಎಂಬ ಉತ್ತರ ಬಂತು. ಚಿತ್ರ 1963ರಲ್ಲಿ ತೆರೆಗೆ ಬಂತು, ಮೂವರ ಒಡನಾಟ ನಲವತ್ತು ವರ್ಷ ನಡೆಯಿತು. ಸೂಚನೆ: ಅತ್ತೆಯ ದನಿ ಚೆನ್ನಾಗಿ ಅಭ್ಯಾಸ ಮಾಡಬೇಡಿ.

ಹಂತ 3: ಬಾಡಿಗೆ ಕರಾರು

ಇದನ್ನು ನಿಧಾನವಾಗಿ ಓದಿ. ಕಾದಂಬರಿ ಸ್ವಂತ ಮನೆ, ಚಿತ್ರಕಥೆ ಬಾಡಿಗೆ ಮನೆ. ಇ. ಎಂ. ಫಾರ್ಸ್ಟರರ ಕಾದಂಬರಿಯೊಳಗೆ ಕಾಲಿಟ್ಟರೆ ಮೊದಲ ಷರತ್ತು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕುರ್ಚಿ ಮೇಜು ಸರಿಸಬಹುದು. ‘ಅವನಿಗೆ ಬೇಸರವಾಯಿತು’ ಎಂದು ಕಾದಂಬರಿಯಲ್ಲಿ ಎರಡು ಪುಟ ಇದ್ದರೆ ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ಅಲ್ಲಿ ಕಾಫಿ ಲೋಟದಲ್ಲೇ ಆರಿಹೋಗಬೇಕು. ಅಷ್ಟೇ ಬರೆಯಿರಿ, ಮಿಕ್ಕಿದ್ದನ್ನು ನಟ ನೋಡಿಕೊಳ್ಳುತ್ತಾನೆ.

ಸ್ವಂತ ಮನೆಯಲ್ಲೇ ಬೆಳೆದವರಿಗೆ ಈ ಕೆಲಸ ಕಷ್ಟ. ನಿರಾಶ್ರಿತರಿಗೆ ಚಿಕ್ಕಂದಿನಿಂದ ರೂಢಿ. ಪರರ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು, ಯಜಮಾನರು ಕೂರುವ ಕುರ್ಚಿ ಯಾವುದು, ಯಾವ ಮಾತಿಗೆ ಎಲ್ಲರೂ ಸುಮ್ಮನಾಗುತ್ತಾರೆ ಎಂದು ಹೊಸ್ತಿಲಲ್ಲೇ ಅಳೆದುಬಿಡುತ್ತಾರೆ. ಹಾಗೆ ಅಳೆದು ಫಾರ್ಸ್ಟರರ ‘ಎ ರೂಮ್ ವಿತ್ ಎ ವ್ಯೂ’, ‘ಹೋವರ್ಡ್ಸ್ ಎಂಡ್’ಗಳಿಗೆ ರೂತ್ ಬರೆದ ಚಿತ್ರಕಥೆ ಎರಡಕ್ಕೂ ಆಸ್ಕರ್ ಬಂತು. 1993ರ ‘ದಿ ರಿಮೇನ್ಸ್ ಆಫ್ ದ ಡೇ’ ನೋಡಿ: ಕಾದಂಬರಿಕಾರ ಇಷಿಗುರೊ ನಾಗಸಾಕಿಯಲ್ಲಿ ಹುಟ್ಟಿದವರು, ಚಿತ್ರಕಥೆ ಕಲೋನ್‌ನವರದು, ನಿರ್ದೇಶಕ ಅಮೆರಿಕದವರು. ಇಂಗ್ಲಿಷ್ ಬಂಗಲೆಯ ಬೆಳ್ಳಿ ಚಮಚ ಮಾತ್ರ ಒಂದೂ ಜಾಗ ತಪ್ಪಿಲ್ಲ.

ಅಂದಹಾಗೆ ‘ಹೌಸ್‌ಹೋಲ್ಡರ್’ ಎಂದರೆ ಗೃಹಸ್ಥ. ಅದರ ನಾಯಕ, ದೆಹಲಿಯ ಹಿಂದಿ ಮೇಷ್ಟ್ರು ಪ್ರೇಮ್, ಬಾಡಿಗೆ ಸ್ವಲ್ಪ ಇಳಿಸಿ ಎಂದು ಮನೆ ಮಾಲೀಕರನ್ನು ಕೇಳಲು ಒದ್ದಾಡುವವನು.

ಎಚ್ಚರಿಕೆ: ಈ ಭಾಗವನ್ನು ಬಿಚ್ಚಬೇಡಿ

ಯಂತ್ರದ ಹಿಂಬದಿಯಲ್ಲಿ ಸ್ಕ್ರೂ ಹಾಕಿ ಮುಚ್ಚಿದ ಒಂದು ಡಬ್ಬಿ ಇದೆ. ಅದರ ಮೇಲೆ 1933–1939 ಎಂದಿದೆ. ನಾತ್ಸಿಗಳ ಕೈಯಲ್ಲಿ ತಮ್ಮವರು ನಲವತ್ತಕ್ಕೂ ಹೆಚ್ಚು ಜನ ಸತ್ತರೆಂದು ತಿಳಿದ ರೂತ್ ಅವರ ತಂದೆ 1948ರಲ್ಲಿ ಪ್ರಾಣ ಕಳೆದುಕೊಂಡರು. ಇಷ್ಟೆಲ್ಲ ಬರೆದ ಮಗಳು ಆ ಡಬ್ಬಿಯನ್ನು ಬಿಚ್ಚಿ ಕಾದಂಬರಿ ಮಾಡಲಿಲ್ಲ. ನೀವೂ ಒತ್ತಾಯ ಮಾಡಬೇಡಿ. ಯಂತ್ರ ಓಡುವುದು ಅದರ ಬಿಸಿಯಿಂದಲೇ.

ತೊಂದರೆ ಮತ್ತು ಪರಿಹಾರ

*ಬರೆದ ಊರು, ಇರುವ ಊರು ಹೊಂದುತ್ತಿಲ್ಲ.* ಇದು ದೋಷವಲ್ಲ. ಭಾರತದ ಬಗ್ಗೆ ಬರೆದ ‘ಹೀಟ್ ಅಂಡ್ ಡಸ್ಟ್’ಗೆ ಬೂಕರ್ ಬಂದದ್ದು 1975ರಲ್ಲಿ, ಭಾರತ ಬಿಟ್ಟ ವರ್ಷವೇ.

*‘ಯಾವೂರಾಯ್ತು ತಮ್ದು?’ ಎಂದು ಯಾರಾದರೂ ಕೇಳುತ್ತಾರೆ.* ಕೇಳಿದವರನ್ನು ಕೂರಿಸಿ, ಕಾಫಿ ಕೊಡಿ. ಲೋಟ ಆರುವಷ್ಟರಲ್ಲಿ ಪ್ರಶ್ನೆ ಮರೆಯುತ್ತದೆ.

ಗ್ಯಾರಂಟಿ ಕಾರ್ಡ್

ಹೆಸರು, ಸಹಿ, ದಿನಾಂಕ ಪೆನ್ನಿನಲ್ಲಿ ಬರೆಯಿರಿ. ‘ಖಾಯಂ ವಿಳಾಸ’ದ ಕಾಲಂ ಮಾತ್ರ ಪೆನ್ಸಿಲ್ಲಿನಲ್ಲಿ ತುಂಬಿ.